ಐಪಿ ದೂರವಾಣಿ: ಪ್ರಮಾಣಪತ್ರಗಳು ಮತ್ತು ಧ್ವನಿ ಗೇಟ್‌ವೇ (ಇತಿಹಾಸ)

ಐಪಿ ಫೋನುಗಳು ತಮ್ಮ ಗುರುತನ್ನು ಸ್ಥಾಪಿಸಲು ಹೊಂದಿರುವ ಪ್ರಮಾಣಪತ್ರಗಳ ಚರಿತ್ರೆಯೂ, ಆ ಫೋನುಗಳನ್ನು ಹಳೆಯ ದೂರವಾಣಿ ಜಾಲಕ್ಕೆ ಜೋಡಿಸುವ ಧ್ವನಿ ಗೇಟ್‌ವೇಗಳ ಚರಿತ್ರೆಯೂ ಪರಸ್ಪರ ಹೆಣೆದುಕೊಂಡಿವೆ. ಮಾತನ್ನು ಗೂಢಲಿಪಿಯಲ್ಲಿ ಮರೆಮಾಡುವುದೂ ಮಾತನಾಡುವ ಉಪಕರಣ ಯಾವುದೆಂದು ಪ್ರಮಾಣೀಕರಿಸುವುದೂ ಭಿನ್ನ ಕಾರ್ಯಗಳಾಗಿದ್ದರೂ ಇವೆರಡನ್ನೂ ಭದ್ರತೆಯೆಂಬ ಒಂದೇ ಹೆಸರಿನಲ್ಲಿ ಬೆರೆಸುವ ರೂಢಿಯಿರುವುದರಿಂದ, ಇಲ್ಲಿ ಅವನ್ನು ಬೇರ್ಪಡಿಸಿ ನಿರೂಪಿಸಲಾಗಿದೆ.

ಕರೆಯ ಮಾರ್ಗ: 1891ರಲ್ಲಿ ಅಮೆರಿಕದ ಆಲ್ಮನ್ ಸ್ಟ್ರೌಜರ್ ಸ್ವಯಂಚಾಲಿತ ವಿನಿಮಯ ಕೇಂದ್ರಕ್ಕೆ ಪೇಟೆಂಟ್ ಪಡೆದಂದಿನಿಂದ, ಚಂದಾದಾರನು ಸೂಚಿಸಿದ ಅಂಕಿಗಳೇ ಕರೆಯ ಮಾರ್ಗವನ್ನು ನಿರ್ಣಯಿಸುತ್ತ ಬಂದಿವೆ. 1996ರ ಎಚ್.323, 1999ರಲ್ಲಿ ಪ್ರಕಟವಾಗಿ 2002ರಲ್ಲಿ ಪುನಾರಚಿತವಾದ ಸಿಪ್ ಎಂಬ ನಿಯಮಾವಳಿಗಳು ಬಂದ ಬಳಿಕವೂ ಈ ತತ್ತ್ವ ಅಳಿಯಲಿಲ್ಲ. ಸಿಸ್ಕೊ ಗೇಟ್‌ವೇಗಳಲ್ಲಿ ಪ್ರತಿ ಕರೆಯೂ ಒಳಬರುವ ಮತ್ತು ಹೊರಹೋಗುವ ಎರಡು ಖಂಡಗಳಾಗಿ ವಿಭಾಗಗೊಂಡು, ಒಂದೊಂದಕ್ಕೂ ಡಯಲ್ ಪಿಯರ್ ಎಂಬ, ಸಂಖ್ಯೆಯ ಮಾದರಿಗೆ ಮಾರ್ಗ ಸೂಚಿಸುವ ನಿಯಮವೊಂದು ನಿಯುಕ್ತವಾಗುತ್ತದೆ. 2ರಿಂದ ಆರಂಭವಾಗುವ ಸಂಖ್ಯೆಗಳಿಗೆ ಒಂದು, 25ರಿಂದ ಆರಂಭವಾಗುವವಕ್ಕೆ ಇನ್ನೊಂದು ಇದ್ದಲ್ಲಿ, 25ರಿಂದ ಮೊದಲಾಗುವ ಕರೆಗೆ ಹೆಚ್ಚು ಅಂಕಿಗಳು ಹೊಂದುವ ಎರಡನೆಯದೇ ಸಲ್ಲುತ್ತದೆ.

ಕೀಲಿಯ ವಿವಾದ: 2004ರಲ್ಲಿ ಪ್ರಕಟವಾದ ಎಸ್‌ಆರ್‌ಟಿಪಿ ಧ್ವನಿಯನ್ನು ಗೂಢಲಿಪಿಗೊಳಿಸುವ ವಿಧಾನವನ್ನು ವಿಧಿಸಿತಾದರೂ ಕೀಲಿಯನ್ನು ಉಭಯಪಕ್ಷಗಳಿಗೆ ತಲುಪಿಸುವ ಬಗೆಯನ್ನು ಅನ್ಯ ವಿಧಾನಗಳಿಗೆ ಬಿಟ್ಟಿತು. 2006ರ ಎಸ್‌ಡಿಇಎಸ್ ಕೀಲಿಯನ್ನು ಕರೆ ಏರ್ಪಡಿಸುವ ಸಂಕೇತ ಸಂದೇಶದೊಳಗೇ ಇರಿಸಿದ್ದರಿಂದ, ನಡುವಣ ಸರ್ವರುಗಳಿಗೆ ಅದು ಗೋಚರವಾಗುತ್ತಿತ್ತು. 2010ರ ಡಿಟಿಎಲ್‌ಎಸ್-ಎಸ್‌ಆರ್‌ಟಿಪಿ ಪ್ರಮಾಣಪತ್ರದ ಬೆರಳಚ್ಚನ್ನು ಮಾತ್ರ ಆ ಸಂದೇಶದಲ್ಲಿ ಕಳುಹಿಸಿ, ಕೀಲಿಯನ್ನು ಮಾಧ್ಯಮದ ಹಾದಿಯಲ್ಲಿಯೇ ನಿಶ್ಚಯಿಸಿತು. 2011ರಲ್ಲಿ ಪ್ರಕಟವಾದ ಫಿಲಿಪ್ ಝಿಮ್ಮರ್‌ಮನ್ ಮೊದಲಾದವರ ಝಡ್‌ಆರ್‌ಟಿಪಿಯಾದರೋ ಪ್ರಮಾಣಪತ್ರಗಳ ಅವಲಂಬನೆಯನ್ನೇ ತೊರೆದು, ಮಾತನಾಡುವವರಿಬ್ಬರೂ ಕಿರಿದಾದ ಅಕ್ಷರಸಮೂಹವೊಂದನ್ನು ಓದಿ ಹೋಲಿಸಿಕೊಳ್ಳುವಂತೆ ಸೂಚಿಸಿತು. 2021ರ ಬ್ರೌಸರ್ ಸಂಪರ್ಕದ ಮಾನಕವು ಡಿಟಿಎಲ್‌ಎಸ್ ಮಾರ್ಗವನ್ನು ಕಡ್ಡಾಯಗೊಳಿಸಿ, ಎಸ್‌ಡಿಇಎಸ್ಸನ್ನು ನಿಷೇಧಿಸಿತು.

ಎರಡು ಬಗೆಯ ಪತ್ರಗಳು: ಸಿಸ್ಕೊ ಫೋನುಗಳಲ್ಲಿ ಕಾರ್ಖಾನೆಯಲ್ಲಿಯೇ ನೆಲೆಗೊಳಿಸಿದ ಎಂಐಸಿ, ಸ್ಥಳೀಯವಾಗಿ ನೀಡಿದ ಎಲ್‌ಎಸ್‌ಸಿ ಎಂದು ಎರಡು ಎಕ್ಸ್.509 ಪತ್ರಗಳು ಇರಬಹುದು. ಮೊದಲನೆಯದು ಫೋನಿನ ನಿರ್ಮಾತೃ ಯಾರೆಂಬುದಕ್ಕೆ ಸಾಕ್ಷಿಯಾಗುವುದೇ ಹೊರತು ಅದು ಇಂಥ ಸಂಸ್ಥೆಗೆ ಸೇರಿದುದೆಂಬುದಕ್ಕೆ ಅಲ್ಲ. ಆ ಸಾಕ್ಷ್ಯವನ್ನು ಎರಡನೆಯದೇ ನೀಡಬೇಕು. ಫೋನು ಸರ್ವರನ್ನು ಪರೀಕ್ಷಿಸುವ ವಿಶ್ವಾಸಪಟ್ಟಿ ಸಿಸ್ಕೊದ ಕರೆ ನಿಯಂತ್ರಣ ಸರ್ವರಾದ ಕಾಲ್‌ಮ್ಯಾನೇಜರಿನ 8.0 ಆವೃತ್ತಿಯಿಂದ ಸಹಜ ವ್ಯವಸ್ಥೆಯಾಯಿತು; ಸರ್ವರಿನ ಪತ್ರಗಳನ್ನೆಲ್ಲ ಏಕಕಾಲಕ್ಕೆ ಬದಲಿಸಿದರೆ ಹಳೆಯ ಪಟ್ಟಿಯನ್ನು ನಂಬಿದ ಫೋನು ಹೊಸದನ್ನು ತಿರಸ್ಕರಿಸುವುದಾದ್ದರಿಂದ, ಅವನ್ನು ಒಂದೊಂದಾಗಿ ನವೀಕರಿಸುವ ಪದ್ಧತಿ ಬೆಳೆಯಿತು.

ಗೇಟ್‌ವೇಯ ಎಲ್ಲೆ: ಕರೆಯು ಹಳೆಯ ಜಾಲವನ್ನು ಪ್ರವೇಶಿಸುವಲ್ಲಿ ಗೂಢಲಿಪಿ ಗೇಟ್‌ವೇಯಲ್ಲೇ ಕೊನೆಗೊಳ್ಳುತ್ತದೆ. ಕರೆದವನ ಗುರುತಿಗೂ ಇದೇ ಎಲ್ಲೆ ತೊಡಕಾಯಿತು. ಆ ಗುರುತಿಗೆ ಸಹಿ ಹಾಕುವ 2006ರ ವಿಧಾನವನ್ನು ನಡುವಣ ಉಪಕರಣಗಳು ಸಂದೇಶವನ್ನು ತಿದ್ದುವ ವಾಡಿಕೆ ವಿಫಲಗೊಳಿಸಿತು. ಆಯ್ದ ಅಂಶಗಳಿಗೆ ಮಾತ್ರ ಸಹಿ ಹಾಕುವ 2018ರ ಪರಿಷ್ಕೃತ ವಿಧಾನವನ್ನು ಅಮೆರಿಕವು 2019ರ ಶಾಸನದ ಅನ್ವಯ, ದೊಡ್ಡ ಸೇವಾದಾರರ ಐಪಿ ಜಾಲಗಳಿಗೆ 2021ರ ಜೂನ್ 30ರೊಳಗೆ ಕಡ್ಡಾಯಪಡಿಸಿತು. ಹಳೆಯ ಜಾಲ ಆ ಸಹಿಯನ್ನು ಹೊರಲಾರದಾದುದರಿಂದ, ಅದನ್ನು ಪ್ರತ್ಯೇಕ ಮಾರ್ಗದಲ್ಲಿ ತಲುಪಿಸುವ ವಿನ್ಯಾಸವೊಂದು 2021ರಲ್ಲಿ ಪ್ರಕಟವಾಯಿತು.