ತಟ್ಟೆಯಲ್ಲಿ ಉಳಿದ ಚಿಲ್ಲರೆ

ವಿಕ್ರೋಳಿಯಲ್ಲಿ ಊಟ ಬಡಿಸುವವರ ಸಂಪಾದನೆಗೆ ಬಹುಕಾಲ ಎರಡು ಲೆಕ್ಕಗಳಿದ್ದವು. ಕಾರ್ಖಾನೆಯ ಗೇಟಿನ ಒಳಗೆ ಬಡಿಸಿದವನಿಗೆ ಪಗಾರ ಮಾತ್ರ. ಗೇಟಿನ ಹೊರಗೆ, ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಬಡಿಸಿದವನಿಗೆ ಪಗಾರದ ಜೊತೆಗೆ ಬಡೇಸೋಪಿನ ತಟ್ಟೆಯಲ್ಲಿ ಗಿರಾಕಿ ಬಿಟ್ಟುಹೋದ ಚಿಲ್ಲರೆ. ಇಬ್ಬರೂ ಒಂದೇ ಸೀಮೆಯವರಾಗಿರುವುದು ಸಾಮಾನ್ಯವಾಗಿತ್ತು. ಕುಂದಾಪುರ, ಕಾರ್ಕಳ, ಉಡುಪಿ ಕಡೆಯಿಂದ ಬಂದು, ಒಬ್ಬ ಕ್ಯಾಂಟೀನಿಗೆ ಹೊಕ್ಕ, ಇನ್ನೊಬ್ಬ ಹೋಟೆಲಿಗೆ ಹೊಕ್ಕ, ಅಷ್ಟೇ ವ್ಯತ್ಯಾಸ.

ಪಿರೋಜ್‌ಶಾ ಗೋದ್ರೆಜ್ 1943ರಲ್ಲಿ ವಿಕ್ರೋಳಿಯಲ್ಲಿ ದೊಡ್ಡ ಜಮೀನು ಕೊಂಡರು. ಆಗ ಅದು ಊರಿನ ಹೊರವಲಯ. ಸ್ವಾತಂತ್ರ್ಯದ ನಂತರ ಕಾರ್ಖಾನೆಗಳೆದ್ದವು, ಕೆಲಸಗಾರರಿಗಾಗಿ ಪಿರೋಜ್‌ಶಾನಗರ ಬೆಳೆಯಿತು. ದೇಶದ ಮೊದಲ ಮಹಾಚುನಾವಣೆಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಮತಪೆಟ್ಟಿಗೆಗಳು ಇಲ್ಲಿಂದಲೇ ಹೋದವು. ಹಳಿಯ ಪಶ್ಚಿಮಕ್ಕೆ ಆಗ್ರಾ ರೋಡ್, ಅಂದರೆ ಈಗಿನ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದ ಉದ್ದಕ್ಕೂ ಮತ್ತಷ್ಟು ಕಾರ್ಖಾನೆಗಳು ಬಂದವು. ಇಷ್ಟು ಜನಕ್ಕೆ ಮಧ್ಯಾಹ್ನದ ಊಟ ಆಗಬೇಕು. 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮು ಇದಕ್ಕೊಂದು ದಾರಿ ಮಾಡಿತ್ತು. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಕಡ್ಡಾಯಗೊಳಿಸುವ ಅಧಿಕಾರವನ್ನು ಅದು ರಾಜ್ಯ ಸರಕಾರಗಳಿಗೆ ಕೊಟ್ಟಿತು. ಅಂಥ ಕ್ಯಾಂಟೀನು ಲಾಭಕ್ಕಾಗಿ ನಡೆಯಕೂಡದು ಎಂಬುದು ನಿಯಮ. ಕೂಪನ್ ಕೊಟ್ಟು, ಸಾಲಿನಲ್ಲಿ ನಿಂತು, ತಟ್ಟೆ ಪಡೆಯುವ ಜಾಗದಲ್ಲಿ ಟಿಪ್ಸ್‌ಗೆ ಎಡೆಯಿಲ್ಲ. ಉಣ್ಣುವವನೂ ಕೆಲಸಗಾರ, ಬಡಿಸುವವನೂ ಕೆಲಸಗಾರ. ಒಬ್ಬರಿಗೊಬ್ಬರು ಭಕ್ಷೀಸು ಕೊಡುವ ಸಂಬಂಧ ಅದಲ್ಲ. ಕ್ಯಾಂಟೀನಿನವರು ಕಂಪನಿಯ ನೌಕರರೋ ಗುತ್ತಿಗೆದಾರನ ನೌಕರರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹಲವು ಸಲ ಹೋಗಿದೆ. ಆದರೆ ಜಗಳವೆಲ್ಲ ಪಗಾರದ್ದು, ಕಾಯಂ ಆಗುವುದರದ್ದು.

ಗೇಟಿನ ಹೊರಗಿನ ಚಿಲ್ಲರೆಯ ಕಥೆ ಇಷ್ಟು ನೇರವಲ್ಲ.

ಕರಾವಳಿಯ ಹಳೆಯ ಪಂಕ್ತಿಭೋಜನದಲ್ಲಿ ಹಣ ಹರಿಯುತ್ತಿದ್ದುದು ತಿರುಗಾ ದಿಕ್ಕಿಗೆ. ಮಠದಲ್ಲೋ ಮನೆಯ ಸಮಾರಂಭದಲ್ಲೋ ಉಂಡೆದ್ದ ಬ್ರಾಹ್ಮಣನ ಕೈಗೇ ಭೋಜನದಕ್ಷಿಣೆ ಬೀಳುತ್ತಿತ್ತು. ಬಡಿಸಿದವನಿಗೆ ದುಡ್ಡು ಕೊಡುವುದು ಊಹೆಗೂ ಬಾರದ ಮಾತು. ಅದೇ ಅಡುಗೆ, ಅದೇ ಬಾಳೆಲೆ ಮುಂಬಯಿಗೆ ಬಂದು ಅಂಗಡಿಯಾದಾಗ ದಿಕ್ಕು ಬದಲಾಯಿತು. ಉಂಡವನು ಬಿಲ್ಲು ಕೊಡಬೇಕು, ಬಿಲ್ಲಿನ ಮೇಲೆ ಬಡಿಸಿದವನಿಗೂ ಏನಾದರೂ ಕೊಡಬೇಕು. ಎರಡನೆಯದು ಊರಿನಿಂದ ಬಂದ ಪದ್ಧತಿಯಲ್ಲ. ಫಾರಸಿಯ ಭಕ್ಷೀಸು ಮತ್ತು ಅರಬ್ಬಿಯ ಇನಾಮು ದರ್ಬಾರಿನ ಪದಗಳು. ಮೇಲಿನವನು ಮೆಚ್ಚಿ ಕೆಳಗಿನವನಿಗೆ ಕೊಡುವಂಥದ್ದು. ಬ್ರಿಟಿಷರ ಕ್ಲಬ್ಬು, ಹೋಟೆಲು, ಹಡಗುಗಳಲ್ಲಿ ಅದಕ್ಕೆ ಟಿಪ್ ಎಂಬ ಹೆಸರು ಬಂತು. ಬೇಗ ಸೇವೆ ಸಿಗಲಿ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಶಬ್ದ ಹುಟ್ಟಿತೆಂದು ಹೇಳುವವರು ಈಗಲೂ ಇದ್ದಾರೆ. ಅದು ಆಮೇಲೆ ಕಟ್ಟಿದ ಕಥೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಳ್ಳಕಾಕರ ಗುಪ್ತಭಾಷೆಯಲ್ಲಿ ಅದಕ್ಕೆ ‘ಕೊಡು’, ‘ದಾಟಿಸು’ ಎಂಬ ಅರ್ಥವಿತ್ತು. ಕಳ್ಳರ ಮಾತು ಸಭ್ಯರ ಮೇಜಿಗೆ ಬಂದ ಬಗೆ ಇದು.

ಮುಂಬಯಿಯ ಉಡುಪಿ ಹೋಟೆಲುಗಳ ಪ್ರಸ್ತಾಪ ಬಂದರೆ ಮಾಟುಂಗದ ಹೆಸರು ಬರಲೇಬೇಕು. ಅಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆ ಹಾಸುತ್ತದೆ. ಮಧ್ಯ ರೈಲ್ವೆಯ ಹಳಿ ಹಿಡಿದು ಉಪನಗರಗಳು ಬೆಳೆದಂತೆ ಹೋಟೆಲುಗಳೂ ಘಾಟ್ಕೋಪರ್, ವಿಕ್ರೋಳಿ, ಭಾಂಡುಪ್, ಮುಲುಂಡ್ ಎಂದು ಮುಂದುವರಿದವು. ಟಾಗೋರ್ ನಗರ, ಕನ್ನಮವಾರ್ ನಗರಗಳ ಗೃಹಮಂಡಳಿ ಕಟ್ಟಡಗಳಲ್ಲಿ ಕನ್ನಡ, ತುಳು ಮಾತಾಡುವ ಸಂಸಾರಗಳು ನೆಲೆಯಾದವು. ವಿಕ್ರೋಳಿ ಕನ್ನಡ ಸಂಘ ಹುಟ್ಟಿಕೊಂಡಿತು.

ಆ ಹೋಟೆಲುಗಳ ಒಳಗಿನ ಶ್ರೇಣಿ ಬಲು ಖಚಿತ. ಗಲ್ಲಾದಲ್ಲಿ ದಣಿ ಅಥವಾ ದಣಿಯ ಸಂಬಂಧಿ. ಒಳಗೆ ಭಟ್ಟರು, ಅವರ ಕೈಕೆಳಗೆ ರುಬ್ಬುವವರು, ಹೆಚ್ಚುವವರು. ಹೊರಗೆ ಸಪ್ಲಾಯರ್ ಮಾಣಿಗಳು. ಎಲ್ಲರಿಗಿಂತ ಕೆಳಗೆ, ಮೇಜು ಒರೆಸಿ ಲೋಟ ತೊಳೆಯುವ ಕ್ಲೀನರ್ ಹುಡುಗ. ಹೊಸದಾಗಿ ಊರಿನಿಂದ ಬಂದವನು ಕ್ಲೀನರ್ ಆಗಿಯೇ ಸೇರಬೇಕು. ಊಟ, ವಸತಿ ದಣಿಯದು. ವಸತಿಯೆಂದರೆ ಹೋಟೆಲು ಮುಚ್ಚಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗುವುದು. ಊಟ, ವಸತಿಯ ಋಣ ಪಗಾರದ ಮಾತೆತ್ತದಂತೆ ಬಾಯಿ ಕಟ್ಟುತ್ತಿತ್ತು. ಕೈಗೆ ಬರುವ ಪಗಾರದ ಬಹುಪಾಲು ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು. ಹುಡುಗನ ಸ್ವಂತಕ್ಕೆಂದು ಉಳಿಯುತ್ತಿದ್ದುದು ತಟ್ಟೆಯ ಚಿಲ್ಲರೆ. ರಾತ್ರಿ ಶಾಲೆಯ ಪುಸ್ತಕ, ಭಾನುವಾರದ ಸಿನಿಮಾ, ರೈಲಿನ ಪಾಸು, ಎಲ್ಲ ಅದರಲ್ಲೇ. ಮುಂಬಯಿ ಕನ್ನಡಿಗರ ಚರಿತ್ರೆ ಬರೆದವರು ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳನ್ನು ಹೆಮ್ಮೆಯಿಂದ ನೆನೆಯುತ್ತಾರೆ. ಅಲ್ಲಿ ಕಲಿತು ಬ್ಯಾಂಕು, ಕಚೇರಿ ಸೇರಿದವರ ಹಿಂದೆ ಹೆಸರಿಲ್ಲದ ಎಷ್ಟೋ ಗಿರಾಕಿಗಳ ಎರಡಾಣೆ, ನಾಲ್ಕಾಣೆಗಳೂ ಇದ್ದವು ಎನ್ನಬೇಕು.

ಆದರೆ ಚಿಲ್ಲರೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಗಿರಾಕಿಯ ಕಣ್ಣಿಗೆ ಬೀಳುವವನು ಸಪ್ಲಾಯರ್. ದೋಸೆ ಹುಯ್ದ ಭಟ್ಟರಿಗೆ ಅದು ತಲುಪದು. ಎಂಜಲು ತಟ್ಟೆ ಎತ್ತಿದ ಕ್ಲೀನರ್‌ಗೆ ಸಪ್ಲಾಯರ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲವು ಕಡೆ ಗಲ್ಲಾದ ಪಕ್ಕ ಡಬ್ಬಿಯಿಟ್ಟು, ದಿನದ ಕೊನೆಗೆ ಎಲ್ಲರಿಗೂ ಹಂಚುವ ಪದ್ಧತಿ ಬಂತು. ಡಬ್ಬಿಯ ಬೀಗದ ಕೈ ಯಾರ ಬಳಿ ಎಂಬುದೇ ಮುಂದಿನ ಎಲ್ಲ ಕಾನೂನು ವ್ಯಾಜ್ಯಗಳ ತಿರುಳು.

ಹೋಟೆಲ್ ಕಾರ್ಮಿಕರನ್ನು ಸಂಘಟಿಸುವ ಪ್ರಯತ್ನಗಳೂ ನಡೆದವು. ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ತಮ್ಮ ಕಾರ್ಮಿಕ ರಾಜಕಾರಣ ಶುರುಮಾಡಿದ್ದೇ ಅಲ್ಲಿಯ ಹೋಟೆಲ್ ಮತ್ತು ಸಾರಿಗೆ ಕೆಲಸಗಾರರ ನಡುವೆ. ಆಮೇಲೆ ಮುಂಬಯಿಯಲ್ಲಿ ಟ್ಯಾಕ್ಸಿ, ಮುನಿಸಿಪಾಲಿಟಿ ಕಾರ್ಮಿಕರ ನಾಯಕರಾದರು. ಉಡುಪಿ ಹೋಟೆಲಿನ ಒಳಗೆ ಮಾತ್ರ ಯೂನಿಯನ್ ಬೇರು ಬಿಡುವುದು ಕಷ್ಟವಿತ್ತು. ದಣಿಯೂ ಆಳೂ ಒಂದೇ ಊರು, ಕೆಲವೊಮ್ಮೆ ಒಂದೇ ಮನೆತನ. ಇವತ್ತಿನ ಮಾಣಿ ನಾಳೆ ತಾನೇ ಹೋಟೆಲು ಹಾಕುವ ಕನಸಿನವನು, ಹಾಕಿದವರು ಕಣ್ಣೆದುರಿಗೇ ಇದ್ದರು. ಅಂಥವನು ದಣಿಯ ವಿರುದ್ಧ ಬಾವುಟ ಹಿಡಿಯುವುದು ಹೇಗೆ?

ಕೋರ್ಟಿಗೆ ಹೋದ ಪ್ರಕರಣಗಳು ದೊಡ್ಡ ಹೋಟೆಲುಗಳದ್ದೇ. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲು ಮತ್ತು ರಾಜಸ್ಥಾನ ಹೋಟೆಲ್ ಕಾರ್ಮಿಕರ ಸಂಘದ ನಡುವಿನ ವ್ಯಾಜ್ಯ 1976ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಟಿಪ್ಸ್ ಎಂಬುದು ಮಾಲೀಕನ ಜೇಬಿನಿಂದ ಬಂದದ್ದಲ್ಲ, ಗಿರಾಕಿ ಕೊಟ್ಟದ್ದು ಮಾಲೀಕನ ಕೈ ದಾಟಿ ಕೆಲಸಗಾರನಿಗೆ ಸೇರಿತು, ಅಷ್ಟೇ. ಅದಕ್ಕೆ ಪಗಾರದ ಗುಣ ಬಾರದು ಎಂದಿತು ಕೋರ್ಟು. ಅಂದು ಇದು ಕಾರ್ಮಿಕರ ಪರವಾದ ಮಾತು. ಗಿರಾಕಿ ಕೊಟ್ಟದ್ದನ್ನು ತೋರಿಸಿ ಮಾಲೀಕ ತನ್ನ ಬಾಕಿಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಇದೇ ಮಾತು ನಲವತ್ತು ವರ್ಷದ ನಂತರ ಬೇರೊಂದು ಮೊಕದ್ದಮೆಯಲ್ಲಿ ಮಾಲೀಕರ ನೆರವಿಗೆ ಬಂತು. ಗಿರಾಕಿಗಳು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲು ಸಿಬ್ಬಂದಿಗೆ ಹಂಚುವಾಗ ಪಗಾರದಂತೆಯೇ ತೆರಿಗೆ ಮುರಿದುಕೊಳ್ಳಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ವಾದಿಸಿತ್ತು. 2016ರ ಏಪ್ರಿಲ್‌ನಲ್ಲಿ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಟಿಪ್ಸ್ ಪಗಾರವಲ್ಲ, ಅದು ನೌಕರನ ಕೈಯಲ್ಲಿ ಇತರ ಮೂಲದ ಆದಾಯ, ಹೋಟೆಲಿಗೆ ತೆರಿಗೆ ಮುರಿಯುವ ಹೊಣೆಯಿಲ್ಲ. ತರ್ಕದಲ್ಲಿ ಲೋಪವಿಲ್ಲ. ಪರಿಣಾಮ ಮಾತ್ರ ಎರಡು ಅಲಗಿನದು. ಪಗಾರವಲ್ಲದ್ದು ಭವಿಷ್ಯನಿಧಿಯ ಲೆಕ್ಕಕ್ಕೆ ಬರುವುದಿಲ್ಲ, ಗ್ರಾಚ್ಯುಟಿಗೂ ಬರುವುದಿಲ್ಲ. ಮೂವತ್ತು ವರ್ಷ ಸಣ್ಣ ಪಗಾರ, ದೊಡ್ಡ ಟಿಪ್ಸ್ ಮೇಲೆ ಸಂಸಾರ ನಡೆಸಿದವನು ಕೆಲಸ ಬಿಡುವ ದಿನ ಕೈಗೆ ಬರುವುದು ಆ ಸಣ್ಣ ಪಗಾರದ ಲೆಕ್ಕ. ಪಕ್ಕದ ಕಾರ್ಖಾನೆಯ ಕಾಯಂ ಕೆಲಸಗಾರನಿಗೂ ಇವನಿಗೂ ದುಡಿಯುವ ಕಾಲದಲ್ಲಿ ಕಾಣದಿದ್ದ ಅಂತರ ಆ ದಿನ ಕಾಣುತ್ತದೆ.

ಟಿಪ್ಸಿನ ಅತಿರೇಕವನ್ನೂ ಮುಂಬಯಿ ಕಂಡಿತು. ಡ್ಯಾನ್ಸ್ ಬಾರುಗಳಲ್ಲಿ ನರ್ತಕಿಯರ ಮೇಲೆ ನೋಟು ಸುರಿಯುವುದೇ ಸಂಪಾದನೆಯ ಬಗೆಯಾಗಿತ್ತು. 2005ರಲ್ಲಿ ಮಹಾರಾಷ್ಟ್ರ ಸರಕಾರ ಅವನ್ನು ನಿಷೇಧಿಸಿತು. ಆಹಾರ್ ಎಂದು ಪರಿಚಿತವಾದ ಹೋಟೆಲ್ ಮಾಲೀಕರ ಸಂಘ, ಅದರಲ್ಲಿ ಕರಾವಳಿ ಮೂಲದವರು ಬಹಳ, ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನೋಟು ಎರಚುವುದು ಕೂಡದು, ಟಿಪ್ಸ್ ಕೊಡಬಹುದು ಎಂದು ಗೆರೆ ಎಳೆಯಿತು. ಎರಚಿದರೆ ಅವಮಾನ, ಕೈಗೆ ಕೊಟ್ಟರೆ ಮರ್ಯಾದೆ. ಭಕ್ಷೀಸಿನ ಇಡೀ ಇತಿಹಾಸದಲ್ಲಿರುವ ಇಕ್ಕಟ್ಟು ಈ ಗೆರೆಯಲ್ಲಿದೆ.

ಇನ್ನು ಸರ್ವಿಸ್ ಚಾರ್ಜು. ಬಿಲ್ಲಿನಲ್ಲೇ ಶೇ. 5ರಿಂದ 10ರಷ್ಟು ಸೇರಿಸುವ ಈ ಪದ್ಧತಿ ಸ್ಟಾರ್ ಹೋಟೆಲುಗಳಿಂದ ಸಾಧಾರಣ ಎಸಿ ರೆಸ್ಟೋರೆಂಟುಗಳಿಗೆ ಇಳಿಯಿತು. 2011ರ ನಂತರ ಕೇಂದ್ರದ ಸರ್ವಿಸ್ ಟ್ಯಾಕ್ಸ್ ಕೂಡ ಎಸಿ ರೆಸ್ಟೋರೆಂಟುಗಳ ಬಿಲ್ಲಿಗೆ ಬಂದು ಕೂತಾಗ ಗೊಂದಲ ಹೆಚ್ಚಿತು. ಒಂದು ಸರಕಾರಕ್ಕೆ ಹೋಗುವುದು, ಇನ್ನೊಂದು ಹೋಟೆಲಿಗೆ. ಹೆಸರು ಹೆಚ್ಚುಕಡಿಮೆ ಒಂದೇ. ಸರ್ವಿಸ್ ಚಾರ್ಜನ್ನೂ ತೆರಿಗೆಯೆಂದು ತಿಳಿದು ಕೊಟ್ಟವರೆಷ್ಟೋ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ಸರ್ವಿಸ್ ಟ್ಯಾಕ್ಸ್ ಹೋಯಿತು, ಸರ್ವಿಸ್ ಚಾರ್ಜು ಉಳಿಯಿತು. ಆ ವರ್ಷ ಏಪ್ರಿಲ್‌ನಲ್ಲೇ ಗ್ರಾಹಕ ವ್ಯವಹಾರಗಳ ಇಲಾಖೆ ಇದು ಗಿರಾಕಿಯ ಇಚ್ಛೆಗೆ ಬಿಟ್ಟದ್ದೆಂದು ಮಾರ್ಗಸೂಚಿ ಹೊರಡಿಸಿತ್ತು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇನ್ನೂ ಕಟುವಾಗಿ ಹೇಳಿತು: ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಅದೇ ತಿಂಗಳಲ್ಲಿ ದೆಹಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. 2025ರ ಮಾರ್ಚ್ 28ರಂದು ಅದೇ ಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿದಾರರಾದ ಎರಡೂ ರೆಸ್ಟೋರೆಂಟ್ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿದರು. ಸಂಘಗಳು ಮೇಲ್ಮನವಿ ಹೋದವು.

ಈ ವ್ಯಾಜ್ಯದಲ್ಲಿ ಎದುರುಬದುರು ನಿಂತವರು ಮಾಲೀಕರ ಸಂಘಗಳು ಮತ್ತು ಗ್ರಾಹಕರ ಪ್ರಾಧಿಕಾರ. ಯಾರ ಹೆಸರಿನಲ್ಲಿ ಹಣ ವಸೂಲಾಗುತ್ತಿತ್ತೋ ಆ ಮಾಣಿಗೆ ಅಲ್ಲಿ ಮುಖ್ಯ ಪಾತ್ರವಿರಲಿಲ್ಲ. ಸರ್ವಿಸ್ ಚಾರ್ಜಿನಿಂದ ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಪಾಲು ಸಿಗುತ್ತದೆಂಬುದು ಮಾಲೀಕರ ವಾದ. ಅದನ್ನು ಹಾಗೇ ತಳ್ಳಿಹಾಕಲಾಗದು. ಮೇಜಿನ ಮೇಲೆ ಬಿಟ್ಟ ನೋಟು ಒಳಗಿನ ಭಟ್ಟರನ್ನು ತಲುಪುವುದಿಲ್ಲ ಎಂಬುದು ಹೋಟೆಲಿನಲ್ಲಿ ದುಡಿದ ಯಾರಿಗೂ ಗೊತ್ತು. ಆದರೆ ಪಾಲು ನಿಜಕ್ಕೂ ಹಂಚಿಹೋಗುತ್ತದೆಯೇ ಎಂದು ಗಿರಾಕಿ ನೋಡುವ ದಾರಿಯಿಲ್ಲ. ಬ್ರಿಟನ್ನು ಇದೇ ತೊಡಕನ್ನು ಬೇರೆ ತುದಿಯಿಂದ ಬಿಡಿಸಿತು. ಅಲ್ಲಿ 2023ರಲ್ಲಿ ಆದ ಟಿಪ್ಸ್ ಹಂಚಿಕೆ ಕಾಯ್ದೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಟಿಪ್ಸ್ ಇರಲಿ, ಸರ್ವಿಸ್ ಚಾರ್ಜು ಇರಲಿ, ಪೂರ್ತಿ ಕೆಲಸಗಾರರಿಗೇ ಹೋಗಬೇಕು, ನ್ಯಾಯವಾಗಿ ಹಂಚಬೇಕು, ಹಂಚಿದ ಲೆಕ್ಕ ಇಡಬೇಕು. ಗಿರಾಕಿ ಕೊಡಬೇಕೇ ಬೇಡವೇ ಎಂದು ನಮ್ಮಲ್ಲಿ ಜಗಳವಾದರೆ, ಕೊಟ್ಟದ್ದು ಯಾರಿಗೆ ಎಂಬುದನ್ನು ಅಲ್ಲಿ ಕಾಯ್ದೆ ಮಾಡಿದರು.

ಮುಂಬಯಿಯ ಬಂದರಿಗೂ ಇದು ಹೊಸ ಪ್ರಶ್ನೆಯಲ್ಲ. ಗೋವೆ ಮತ್ತು ಮಂಗಳೂರು ಕಡೆಯ ಹುಡುಗರು ಬ್ರಿಟಿಷ್ ಹಡಗುಗಳಲ್ಲಿ ಸ್ಟುವರ್ಡ್ ಆಗಿ ಹೋದ ಪರಂಪರೆ ಹಳೆಯದು. ಧೋಬಿತಲಾವಿನ ಗೋವನ್ ಕೂಡುಗಳಲ್ಲಿ ತಂಗಿ ಅವರು ಹಡಗಿಗೆ ಕಾಯುತ್ತಿದ್ದರು. ಇಂದು ಅವರ ಮೊಮ್ಮಕ್ಕಳ ವಯಸ್ಸಿನವರು ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ವಿದೇಶಿ ವಿಹಾರನೌಕೆಗಳಿಗೆ ಹೋಗುತ್ತಾರೆ. ಒಂದು ಕಾಲಕ್ಕೆ ಆ ನೌಕೆಗಳಲ್ಲಿ ವೇಟರನ ಮೂಲ ಪಗಾರ ತಿಂಗಳಿಗೆ ಐವತ್ತು ಡಾಲರಿನ ಆಸುಪಾಸು, ಉಳಿದದ್ದೆಲ್ಲ ಯಾನದ ಕೊನೆಯ ರಾತ್ರಿ ಪ್ರಯಾಣಿಕರು ಕೊಡುವ ಲಕೋಟೆಯಲ್ಲಿ. ಈಗ ಲಕೋಟೆ ಹೋಗಿ, ತಲೆಗೆ ದಿನಕ್ಕಿಷ್ಟು ಎಂದು ಖಾತೆಗೇ ಬೀಳುತ್ತದೆ. ಬೇರೆ ದುಡ್ಡು ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟುಗಳಲ್ಲಿ ಅದರ ಮೇಲೆ ಶೇ. 18 ಅಥವಾ 20. ನಡುಸಮುದ್ರದಲ್ಲಿ ಮಾರ್ಗಸೂಚಿ ತೋರಿಸಿ ವಾದಿಸಲು ಗಿರಾಕಿಗೂ ಕಷ್ಟ, ಪಾಲು ಎಷ್ಟೆಂದು ಕೇಳಲು ವೇಟರಿಗೂ ಕಷ್ಟ.

ವಿಕ್ರೋಳಿಯೂ ಬದಲಾಗಿದೆ. ಗೋದ್ರೆಜ್‌ನ ಹಳೆಯ ಕಾರ್ಖಾನೆ ಜಾಗದ ಒಂದು ಭಾಗದಲ್ಲಿ ಈಗ ‘ದಿ ಟ್ರೀಸ್’ ಎಂಬ ವಸತಿ, ಕಚೇರಿಗಳ ಸಮುಚ್ಚಯವಿದೆ, ತಾಜ್ ಹೋಟೆಲಿದೆ. ಕೂಪನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಪ್ರದೇಶದಲ್ಲಿ ಮಲಯ-ಚೀನೀ ಪೆರಾನಕನ್ ಅಡುಗೆಗೇ ಮೀಸಲಾದ ರೆಸ್ಟೋರೆಂಟು ಬಂದಿದೆ.

ಸ್ಟೇಷನ್ ಹತ್ತಿರದ ಹೋಟೆಲುಗಳಲ್ಲಿ ಆಗಿರುವ ಬದಲಾವಣೆ ಇಷ್ಟು ಕಣ್ಣಿಗೆ ಬೀಳುವುದಿಲ್ಲ. ನಾಲ್ಕಾಣೆ ಚಲಾವಣೆ ಕಳೆದುಕೊಂಡದ್ದು 2011ರ ಜೂನ್ 30ಕ್ಕೆ. ಯುಪಿಐ ಬಂದದ್ದು 2016ರಲ್ಲಿ. 87 ರೂಪಾಯಿಯ ಬಿಲ್ಲಿಗೆ ನೂರರ ನೋಟು ಕೊಟ್ಟರೆ 13 ರೂಪಾಯಿ ತಟ್ಟೆಯಲ್ಲಿ ವಾಪಸು ಬರುತ್ತಿತ್ತು, ಅದರಲ್ಲಿ ಮೂರೋ ಹದಿಮೂರೋ ಅಲ್ಲೇ ಉಳಿಯುತ್ತಿತ್ತು. ಫೋನಿನಲ್ಲಿ 87ಕ್ಕೆ 87 ಹೋಗುತ್ತದೆ, ಅದೂ ನೇರ ದಣಿಯ ಖಾತೆಗೆ. ಹಳೆಯ ಹೋಟೆಲುಗಳಲ್ಲಿ ‘ಟೋಪಿಯವರದು ಆರಾಣೆ’ ಎಂದು ಮಾಣಿ ಗಲ್ಲಾಕ್ಕೆ ಕೇಳುವಂತೆ ಕೂಗುತ್ತಿದ್ದ. ಈಗ ಗಲ್ಲಾದ ಮೇಲಿನ ಪುಟ್ಟ ಡಬ್ಬಿ ಬಂದ ಮೊತ್ತವನ್ನು ಹಿಂದಿಯಲ್ಲಿ ಕೂಗುತ್ತದೆ. ಬಡೇಸೋಪಿನ ತಟ್ಟೆ ಮೇಜಿಗೆ ಬರುವುದು ತಪ್ಪಿಲ್ಲ. ಗಿರಾಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಜೇಬು ತಡವಿ, ಚಿಲ್ಲರೆ ಇಲ್ಲವೆಂದು ಎದ್ದುಹೋಗುತ್ತಾನೆ.