ಕಲ್ಲಿನ ತೇರೂ ನೋಡುವ ಕಣ್ಣೂ

ಹೊಸಹೊಸದನ್ನು ಕಾಣಬಲ್ಲ ಬುದ್ಧಿಗೆ ನಮ್ಮ ಆಲಂಕಾರಿಕರು ಪ್ರತಿಭೆಯೆಂದು ಹೆಸರಿಟ್ಟರು. ಈ ಪ್ರತಿಭೆಯು ಕವಿಗೆ ಮಾತ್ರ ಮೀಸಲೋ, ಯಂತ್ರದಿಂದ ಚಿತ್ರ ತೆಗೆಯುವವನಿಗೂ ಉಂಟೋ ಎಂಬ ಪ್ರಶ್ನೆಗೆ ಇಟ್ಟಿಗಿಯವರಾದ ನಾವು ಉತ್ತರವನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. ಹಗಲೊಂದರಲ್ಲಿ ಹೋಗಿ ಬರಬಹುದಾದ ಹಂಪೆಯೇ ಅದನ್ನು ಹೇಳುವುದು.

2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು ವಾಚಕರು ನೋಡಿಯೇ ಇರುವರು. ಆದರೆ 1856ರಲ್ಲಿ ಆ ತೇರಿನ ರೂಪವೇ ಬೇರೆಯಾಗಿದ್ದಿತು. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದ್ದಿತು, ಈಗ ಅದಿಲ್ಲ. ಇದ್ದಿತೆಂಬುದಕ್ಕೆ ಸಾಕ್ಷಿ, ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರ.

ಆ ಕಾಲದ ವಿಧಾನವು ಸುಲಭವಾದುದಲ್ಲ. ಮೇಣ ಹಿಡಿಸಿದ ಕಾಗದಕ್ಕೆ ಬೆಳ್ಳಿಯ ಲವಣವನ್ನುಣಿಸಿ, ದೊಡ್ಡ ಪೆಟ್ಟಿಗೆಯೊಳಗಿಟ್ಟು, ನಿಮಿಷಗಟ್ಟಲೆ ಬೆಳಕಿಗೆ ತೆರೆದಿರಬೇಕು. ಕಾಗದ ಕೆಟ್ಟರೆ ಶ್ರಮವೆಲ್ಲ ವ್ಯರ್ಥ. ಆದುದರಿಂದ ಎಲ್ಲಿ ನಿಲ್ಲಬೇಕು, ಬಿಸಿಲು ಯಾವ ಮಗ್ಗುಲಿಂದ ಬೀಳಬೇಕು ಎಂಬುದನ್ನು ಕಣ್ಣು ಮೊದಲೇ ನಿಶ್ಚಯಿಸಬೇಕಾಗಿದ್ದಿತು. ಹೀಗೆ ಆತನು ಹಂಪೆಯ ಅರವತ್ತಕ್ಕೂ ಮೇಲ್ಪಟ್ಟ ಚಿತ್ರಗಳನ್ನು ತೆಗೆದನು. ಅವು ಬಹುಕಾಲ ಅಜ್ಞಾತವಾಸದಲ್ಲಿದ್ದು 1980ರ ಸುಮಾರಿಗೆ ಬೆಳಕಿಗೆ ಬಂದುವು.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಹಂಪೆಗೆ ಬಂದು, ಗ್ರೀನ್‌ಲಾ ನಿಂತ ತಾವುಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಇದು ಅನುಕರಣವಲ್ಲವೇ ಎಂದು ಯಾರಾದರೂ ಕೇಳಬಹುದು. ನನಗೆ ಹಾಗೆ ತೋರದು. ಎರಡು ಚಿತ್ರಗಳನ್ನು ಜೊತೆಗಿಟ್ಟಾಗ, ಯಾವ ಒಂದರಲ್ಲಿಯೂ ಕಾಣದ ಮೂರನೆಯ ಸಂಗತಿಯೊಂದು ಕಾಣುವುದು. ಅದು ನಡುವೆ ಕಳೆದ ನೂರಿಪ್ಪತ್ತೇಳು ವರ್ಷ. ನೆಲದ ಮೇಲೆ ಮಲಗಿಯೋ ಮರವನ್ನೇರಿಯೋ ವಿಚಿತ್ರ ಕೋನವನ್ನು ಹುಡುಕುವುದೊಂದೇ ಹೊಸ ದೃಷ್ಟಿಯಲ್ಲ. ಹಳೆಯ ತಾವಿನಲ್ಲಿ ನಿಂತು ಹೊಸದನ್ನು ಕೇಳುವುದೂ ಹೊಸ ದೃಷ್ಟಿಯೇ.

ಕಳೆದ ವರ್ಷ ಮೊಮ್ಮಗನೊಡನೆ ಆ ತೇರಿನ ಮುಂದೆ ನಿಂತಿದ್ದೆನು. ಅವನು ತನ್ನ ಮೊಬೈಲಿನಲ್ಲಿ ಚಣದೊಳಗೆ ಇಪ್ಪತ್ತು ಚಿತ್ರ ತೆಗೆದನು. "ಶಿಖರವೆಲ್ಲಿತ್ತು, ತಾತ?" ಎಂದು ಆಮೇಲೆ ಕೇಳಿದಾಗ ನಾನು ಬರಿಯ ಆಕಾಶವನ್ನು ತೋರಿಸಬೇಕಾಯಿತು. ಅವನು ಆ ಆಕಾಶದ ಚಿತ್ರವನ್ನೂ ತೆಗೆದುಕೊಂಡನು. ಇಪ್ಪತ್ತರಲ್ಲಿ ಇಲ್ಲದ ಅರ್ಥ ಆ ಒಂದರಲ್ಲಿದ್ದಿತು.

ನಮ್ಮ ಸೀಮೆಯ ಬಾಗಳಿ, ಮಾಗಳ, ಹಡಗಲಿ, ಕುರುವತ್ತಿಗಳ ದೇವಾಲಯಗಳನ್ನು ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸರು 1896ರಲ್ಲಿ ಪ್ರಕಟವಾದ ತಮ್ಮ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಚಿತ್ರಸಮೇತವಾಗಿ ವಿವರಿಸಿರುವರು. ಅವರು ಕಂಡ ಕಂಬಗಳ ಮುಂದೆ ನಮ್ಮ ಮಕ್ಕಳೂ ನಿಲ್ಲಲಿ. ಊರ ಗುಡಿ, ಬಾವಿ, ಅಗಸೆಬಾಗಿಲುಗಳನ್ನು ವರ್ಷಕ್ಕೊಮ್ಮೆ ಒಂದೇ ತಾವಿನಿಂದ ತೆಗೆದು, ತಿಥಿ ಬರೆದಿಡಲಿ. ಬಿದ್ದ ಮೇಲೆ ಮರುಗುವುದಕ್ಕಿಂತ ಇರುವಾಗ ನೋಡುವುದು ಮೇಲು.