ತಾಲ್ಲೂಕು ಕೋರ್ಟಿನ ಕಡತ, ವಿಶ್ವವಿದ್ಯಾಲಯದ ತಂತ್ರಾಂಶ

ಮೆಟ್ಟಿಲೇರಿದಂತೆ ಭಾಷೆ ಬದಲು

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಿವಿಲ್ ನ್ಯಾಯಾಲಯಗಳಲ್ಲಿ ಪಾಲು, ಒತ್ತುವರಿ, ದಾರಿ ತಕರಾರಿನ ದಾವೆಗಳು ಮಾಮೂಲು. ಸಾಕ್ಷಿ ಆಡುವ ಮಾತು ಕನ್ನಡ. ಪಹಣಿ, ಹಳೆಯ ಕ್ರಯಪತ್ರಗಳೂ ಕನ್ನಡವೇ. ಮೇಲ್ಮನವಿ ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯ ದಾಟಿ ಹೈಕೋರ್ಟಿಗೆ ಹೋದರೆ, ಸಂವಿಧಾನದ 348ನೇ ವಿಧಿಯಂತೆ ಕಲಾಪ ಇಂಗ್ಲಿಷಿಗೆ ಹೊರಳುತ್ತದೆ. ತನ್ನದೇ ಹೊಲದ ತೀರ್ಪನ್ನು ರೈತ ವಕೀಲರ ಬಾಯಿಂದ ಕೇಳಿ ತಿಳಿಯಬೇಕು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಸುದ್ದಿಯಾಗುವಷ್ಟು ಅದು ಅಪರೂಪ.

ಅನುವಾದದ ಕಚ್ಚಾ ಸಾಮಗ್ರಿ

ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ‘ಸುವಾಸ್’ ಎಂಬ ಅನುವಾದ ತಂತ್ರಾಂಶವನ್ನು ಹೊರತಂದಾಗ ಮೊದಲ ಪಟ್ಟಿಯಲ್ಲೇ ಕನ್ನಡವಿತ್ತು. ಇಂಥ ಯಂತ್ರಕ್ಕೆ ವ್ಯಾಕರಣ ಹೇಳಿಕೊಟ್ಟರೆ ಸಾಲದು. ಒಂದೇ ಅರ್ಥದ ಇಂಗ್ಲಿಷ್ ಮತ್ತು ಕನ್ನಡ ವಾಕ್ಯಗಳನ್ನು ಜೋಡಿ ಜೋಡಿಯಾಗಿ, ಲಕ್ಷಗಟ್ಟಲೆ ಉಣಿಸಬೇಕು. ಲಾಭ ನೋಡುವ ಕಂಪನಿ ಸಣ್ಣ ಮಾರುಕಟ್ಟೆಯ ಭಾಷೆಗೆ ಇಷ್ಟು ಖರ್ಚು ಮಾಡುವುದು ಕಷ್ಟ. ವಿಶ್ವವಿದ್ಯಾಲಯಗಳ ಪಾತ್ರ ದೊಡ್ಡದಾಗುವುದು ಇಲ್ಲೇ. ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ 2023ರಲ್ಲಿ ‘ಇಂಡಿಕ್‌ಟ್ರಾನ್ಸ್2’ ಬಿಡುಗಡೆ ಮಾಡಿತು. ಎಂಟನೇ ಅನುಸೂಚಿಯ 22 ಭಾಷೆಗಳನ್ನೂ ಅದು ಬಲ್ಲದು; ಅದರ ಹಿಂದೆ ಸುಮಾರು 23 ಕೋಟಿ ವಾಕ್ಯಜೋಡಿಗಳಿವೆ. ಮಾದರಿಯನ್ನು ಮುಕ್ತವಾಗಿ ಬಿಟ್ಟಿರುವುದರಿಂದ ಸಣ್ಣ ನವೋದ್ಯಮವೂ ಅದರ ಮೇಲೆ ಕಾನೂನು ಸೇವೆ ಕಟ್ಟಬಹುದು. ಆದರೂ ‘ಹೊರತು’, ‘ಒಳಪಟ್ಟು’ಗಳ ಉದ್ದುದ್ದ ಕಾನೂನು ವಾಕ್ಯ ಯಂತ್ರದ ಕೈಯಲ್ಲಿ ತಿರುವುಮುರುವಾಗಬಲ್ಲದು. ಅದಕ್ಕೇ ನ್ಯಾಯಾಲಯಗಳು ಯಂತ್ರದ ಕರಡನ್ನು ಮನುಷ್ಯರಿಂದ ತಿದ್ದಿಸುತ್ತವೆ.

ಸಾಕ್ಷಿಕಟ್ಟೆಯ ಮಾತು

ಪಾಟಿ ಸವಾಲಿನಲ್ಲಿ ಸಾಕ್ಷಿ ‘ಗೊತ್ತಿತ್ತು’ ಅಂದದ್ದು ‘ಗೊತ್ತಿಲ್ಲ’ ಎಂದು ದಾಖಲಾದರೆ ದಾವೆಯೇ ಕೈತಪ್ಪಬಹುದು. ಮಾತನ್ನು ಬರಹವಾಗಿಸುವ ಯಂತ್ರ ಪಠ್ಯಪುಸ್ತಕದ ಕನ್ನಡವನ್ನಷ್ಟೇ ಕಲಿತಿದ್ದರೆ, ಆಂಧ್ರದ ಗಡಿಗೆ ಹತ್ತಿರದ ಹಿರಿಯೂರಿನ ತೆಲುಗು ಬೆರೆತ ಮಾತಿಗೆ ತಡವರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಧ್ವನಿಯನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದೆ. ಅದರ ಗಮನ ಕೃಷಿ ಮತ್ತು ಹಣಕಾಸಿನ ಮೇಲಿದೆ. ಕೋರ್ಟಿನ ಮಾತಿಗೂ ಅಂಥದೇ ಸಂಗ್ರಹ ಬೇಕು ಎಂಬುದು ನನ್ನ ಅನಿಸಿಕೆ. ಪಕ್ಕದ ಕೇರಳ 2025ರ ನವೆಂಬರ್ 1ರಿಂದ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆಗೆ ಮಾತನ್ನು ಬರಹವಾಗಿಸುವ ತಂತ್ರಾಂಶವನ್ನು ಕಡ್ಡಾಯ ಮಾಡಿದೆ.

ಮಾತಿನಂತೆ ಹಳೆಯ ಕಾಗದವನ್ನೂ ಯಂತ್ರ ಓದಬೇಕು. ಭಾರತೀಯ ವಿಜ್ಞಾನ ಸಂಸ್ಥೆಯದೇ ‘ಲಿಪಿ ಜ್ಞಾನಿ’ ಅಚ್ಚಾದ ಕನ್ನಡವನ್ನು ಓದಿ ಗಣಕಪಠ್ಯವಾಗಿಸುತ್ತದೆ. ಹಳೆಯ ಕಂದಾಯ ದಾಖಲೆಗಳಲ್ಲಿನ ಶಾನುಭೋಗರ ಕೈಬರಹ ಬೇರೆಯೇ ಸವಾಲು.

ತೀರ್ಪನ್ನು ಊಹಿಸಬಹುದೇ?

ಕಾನ್ಪುರ ಐಐಟಿಯ ಸಂಶೋಧಕರು 2021ರಲ್ಲಿ ಸುಪ್ರೀಂ ಕೋರ್ಟಿನ ಸುಮಾರು 35,000 ಪ್ರಕರಣಗಳನ್ನು ಒಟ್ಟುಗೂಡಿಸಿ, ಫಲಿತಾಂಶ ಊಹಿಸಲು ಯಂತ್ರಕ್ಕೆ ಕೊಟ್ಟರು. ಅದು ಸುಮಾರು ಶೇಕಡಾ 78ರಷ್ಟು ಸರಿ ಹೇಳಿತು. ಕಾನೂನು ತಜ್ಞರು 94. ಆ ಕಡತಗಳೆಲ್ಲ ಇಂಗ್ಲಿಷಿನವು. ಹೊಸದುರ್ಗದ ಪಾಲು ದಾವೆಯ ಬಗ್ಗೆ ಅವು ಹೆಚ್ಚೇನೂ ಹೇಳಲಾರವು. ಕೇರಳ ಹೈಕೋರ್ಟಂತೂ 2025ರ ಜುಲೈನ ತನ್ನ ನೀತಿಯಲ್ಲಿ, ತೀರ್ಪು ನಿರ್ಧರಿಸಲು ಕೃತಕ ಬುದ್ಧಿಮತ್ತೆ ಬಳಸಕೂಡದೆಂದು ಜಿಲ್ಲಾ ನ್ಯಾಯಾಂಗಕ್ಕೆ ಹೇಳಿದೆ.

ಜಿಲ್ಲೆಯೊಳಗಿನ ವಿಜ್ಞಾನ

ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವುದು ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಸುಮಾರು 1,500 ಎಕರೆಯಲ್ಲಿ. ತಮಾಷೆಯೆಂದರೆ, ಅಮೃತಮಹಲ್ ಕಾವಲಿನ (ಹುಲ್ಲುಗಾವಲಿನ) ಆ ಜಮೀನಿನ ಹಂಚಿಕೆಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತ್ತು. ಸದ್ಯ ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಕಾನೂನಿನ ಭಾಷೆ ಕಲಿಸಲು ಕಾನೂನು ಓದುವವರೂ ಬೇಕು. ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಚಕ್ಕುಬಂದಿ, ಹಿಸ್ಸಾ, ಪೋಡಿ, ಖರಾಬಿನಂಥ ಜಮೀನು ದಾಖಲೆಯ ಕನ್ನಡವನ್ನು ಯಂತ್ರಕ್ಕೆ ಕಲಿಸುವ ಕೆಲಸವನ್ನು ಚಿತ್ರದುರ್ಗದ ಕಾನೂನು ವಿದ್ಯಾರ್ಥಿಗಳು ಹೆಸರು, ವಿಳಾಸ ಅಳಿಸಿದ ಹಳೆಯ ಕಡತಗಳಿಂದಲೇ ಶುರುಮಾಡಬಹುದು.